ಜೌಗುನೆಲದ ಮತದಾನ

ಆಲ್ಬುಕರ್ಕಿ, ನ್ಯೂ ಮೆಕ್ಸಿಕೊ
ಅಕ್ಟೋಬರ್ 4, 1997

ಪ್ರೀತಿಯ ವಿನ್ನಿ,

ಊರಿಗೆ ಊರೇ ಮೆಣಸಿನಕಾಯಿ ಸುಡುತ್ತಿದೆ. ಬಟ್ಟೆಗೆಲ್ಲ ಅದೇ ವಾಸನೆ. ಮಗಳು ಲುಸಿಂಡಾ ಎರಡು ಗೋಣಿ ತಂದು ಹಾಕಿದ್ದಾಳೆ, ಸಿಪ್ಪೆ ಬಿಡಿಸಿ ನನ್ನ ಬೆರಳು ಉರಿಯುತ್ತಿದೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ಮೆಣಸಿನಕಾಯಿ ಕಾರಣ ಎಂದುಕೊಳ್ಳಬೇಡ. ಸಿಟ್ಟು ಕಾರಣ.

ಇವತ್ತಿನ ಅಂಚೆಯಲ್ಲಿ ಗಾರ್ಸಾ ಜೌಗು ಸಂಘದ ಮತದಾನದ ಸೂಚನೆ ಬಂತು. ಪ್ರತಿ ವರ್ಷ ಬರುವಂಥದ್ದು. ಹೊಸ ಪದಾಧಿಕಾರಿಗಳು, ಜೌಗಿನ ಮೇಲೆ ನಡೆಯಲು ಹಾಕಿದ ಕಾಲುಹಲಗೆಯ ರಿಪೇರಿ, ಅಷ್ಟೇ ಇರುತ್ತದೆ ಎಂದು ತೆರೆದೆ. ಕೊನೆಯಲ್ಲಿ ಒಂದು ನಿರ್ಣಯ: "ಈ ದೇಶಕ್ಕೆ ಬರುವ ವಲಸಿಗರ ಸಂಖ್ಯೆಯನ್ನು ಗಣನೀಯವಾಗಿ ಇಳಿಸಬೇಕೆಂದು ಸಂಘವು ಬಹಿರಂಗವಾಗಿ ಒತ್ತಾಯಿಸತಕ್ಕದ್ದು." ಮಂಡಿಸುವವರು ವಿನಿಫ್ರೆಡ್ ಆಸ್ಗುಡ್, ಅಂದರೆ ನೀನು. ಅನುಮೋದಿಸುವವರು ಯಾರೋ ಡ್ವೈಟ್ ಕೆಂಡ್ರಿಕ್.

ನಾನು ಅದನ್ನು ಮೂರು ಸಲ ಓದಿದೆ. "ಗಣನೀಯವಾಗಿ", "ಒತ್ತಾಯಿಸತಕ್ಕದ್ದು" — ಇದು ನಿನ್ನ ಭಾಷೆಯಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವಳು ನೀನು. ಹುಡುಗರು ಹೀಗೆ ಬರೆದರೆ ಕೆಂಪು ಗೆರೆ ಎಳೆಯುತ್ತಿದ್ದೆ.

ಆಗಸ್ಟಿನಲ್ಲಿ ನೀನು ಆರು ಪುಟ ಬರೆದಿದ್ದೆ. ನೀರುಕೋಳಿಗಳು ಗೂಡು ಕಟ್ಟಿದ್ದು, ಪಕ್ಕದ ಮನೆಯ ನಾಯಿ ಕಾಲು ಉಳುಕಿಸಿಕೊಂಡದ್ದು, ಎಲ್ಲ ಇತ್ತು. ಇದು ಇರಲಿಲ್ಲ. ಆ ಜೌಗಿನ ಕೆಸರಿನಲ್ಲಿ ನಿನ್ನ ಜೊತೆ ಮೊಣಕಾಲುದ್ದ ನಿಂತು ಸಂಘ ಕಟ್ಟಿದವಳು ನಾನು. ಈಗಲೂ ಅದರ ಕಾರ್ಯಕಾರಿ ಸಮಿತಿಯಲ್ಲಿದ್ದೇನೆ. ನನಗೆ ಇದು ಅಚ್ಚಾದ ಕಾಗದದಿಂದ ಗೊತ್ತಾಗಬೇಕೇ?

ಫೋನ್ ಮಾಡೋಣವೆಂದರೆ ನಿನ್ನ ಕಿವಿಯ ಯಂತ್ರ ಸಿಳ್ಳೆ ಹೊಡೆಯುತ್ತದೆ, ನೀನು ಎಲ್ಲದಕ್ಕೂ "ಹೂಂ, ಹೂಂ" ಎನ್ನುತ್ತೀಯ. ಅದಕ್ಕೇ ಬರೆದು ಕೇಳುತ್ತಿದ್ದೇನೆ. ಮರೆತೆಯಾ, ಮುಚ್ಚಿಟ್ಟೆಯಾ?

ನಿನ್ನ
ಎಲ್ವಿರಾ


ಸಾಂತಾ ಅಲ್ಮಾ, ಕ್ಯಾಲಿಫೋರ್ನಿಯಾ
ಅಕ್ಟೋಬರ್ 13, 1997

ಪ್ರೀತಿಯ ಎಲ್ವಿರಾ,

ಎರಡೂ ಅಲ್ಲ. ನಿನಗೆ ಹೇಗೆ ಹೇಳಬೇಕೆಂದು ತಿಳಿಯದೆ ಮುಂದೂಡಿದೆ. ನೀನು ಹೀಗೆ ಬರೆಯುತ್ತೀಯೆಂದು ಗೊತ್ತಿತ್ತು, ಹಾಗೇ ಬರೆದಿದ್ದೀಯ.

ನೀನು ಊರು ಬಿಟ್ಟು ನಾಲ್ಕು ವರ್ಷವಾಯಿತು. ಈಗ ಬಂದರೆ ದಾರಿ ತಪ್ಪುತ್ತೀಯ. ಬೆಟ್ಟದ ಕೆಳಗಿನ ಸ್ಟ್ರಾಬೆರಿ ಹೊಲಗಳಲ್ಲಿ ಮನೆಗಳು ಎದ್ದಿವೆ, ಎಲ್ಲ ಒಂದೇ ಬಣ್ಣ. ಹಳೆಯ ರಸ್ತೆಯನ್ನು ನಾಲ್ಕು ಸಾಲು ಮಾಡಿದ್ದಾರೆ. ಕೆಳಗಿನ ಬಾವಿಗಳ ನೀರು ಉಪ್ಪಾಗಿದೆ. ಇಪ್ಪತ್ತೈದು ವರ್ಷ ನಾವು ಮನೆ ಕಟ್ಟುವವರನ್ನು ಬೈದೆವು, ಒಂದೊಂದು ಎಕರೆಗೂ ಕೋರ್ಟು ಹತ್ತಿದೆವು. ಗೆದ್ದ ಎಕರೆಯ ಪಕ್ಕದ ಎಕರೆ ಹೋಯಿತು. ಈ ರಾಜ್ಯದಲ್ಲಿ ಜನ ಹೆಚ್ಚುತ್ತಲೇ ಇದ್ದರೆ ಯಾವ ಬೇಲಿಯೂ ಜೌಗನ್ನು ಉಳಿಸುವುದಿಲ್ಲ. ಈಗ ಜನ ಹೆಚ್ಚುತ್ತಿರುವುದು ಮುಖ್ಯವಾಗಿ ಹೊರಗಿನಿಂದ ಬರುವವರಿಂದ. ಇದನ್ನು ಬಾಯಿಬಿಟ್ಟು ಹೇಳುವುದೇ ಪಾಪವೇ? ನಾನು ಯಾರ ಬಣ್ಣವನ್ನೂ ಎಣಿಸುತ್ತಿಲ್ಲ ಎಲ್ವಿರಾ. ತಲೆ ಎಣಿಸುತ್ತಿದ್ದೇನೆ. ಬಂದವರು ನಾರ್ವೆಯವರಾಗಿದ್ದರೂ ಇದೇ ಮಾತು ಹೇಳುತ್ತಿದ್ದೆ. ನನ್ನ ಅಜ್ಜ ಅಲ್ಲಿಂದಲೇ ಬಂದವನು.

ಕೆಂಡ್ರಿಕ್ ಸೇತುವೆ ಕಟ್ಟುತ್ತಿದ್ದ ಎಂಜಿನಿಯರು, ನಿವೃತ್ತರಾಗಿ ಎರಡು ವರ್ಷದ ಹಿಂದೆ ಇಲ್ಲಿಗೆ ಬಂದರು. ಸಭ್ಯ ಮನುಷ್ಯ. ಬರುವಾಗ ತಮ್ಮ ಮರದ ನಿಂಬೆಹಣ್ಣು ತರುತ್ತಾರೆ. ಕಚೇರಿಯ ಕೆಟ್ಟ ಅಚ್ಚಿನ ಯಂತ್ರವನ್ನು ರಿಪೇರಿ ಮಾಡಿದರು. ಸದಸ್ಯರ ಪಟ್ಟಿ, ಅಂಚೆ, ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಯಾವ ಯುವಕನೂ ಬಾರದ ಸಂಘಕ್ಕೆ ದುಡಿಯುವವನೊಬ್ಬ ಸಿಕ್ಕಿದ್ದಾನೆ, ಅವನ ಪದಪ್ರಯೋಗಕ್ಕೆ ಕೆಂಪು ಗೆರೆ ಎಳೆಯುವ ಶಕ್ತಿ ನನಗಿಲ್ಲ.

ಇನ್ನೊಂದು ಮಾತು. ಎಪ್ಪತ್ಮೂರರಲ್ಲಿ ಸಂಘದ ಜನಸಂಖ್ಯಾ ಸಮಿತಿಯಲ್ಲಿ ನೀನು ನನ್ನ ಪಕ್ಕದಲ್ಲೇ ಕೂರುತ್ತಿದ್ದೆ. ನಿನ್ನ ಕೆಲಸದ ಕ್ಲಿನಿಕ್ಕಿನಲ್ಲಿ ಊರಿನ ಹೆಂಗಸರಿಗೆಲ್ಲ ಗರ್ಭ ತಡೆಯುವ ಗುಳಿಗೆ ಹಂಚುತ್ತಿದ್ದವಳೂ ನೀನೇ. ಆಮೇಲೆ ನಿನಗೆ ನಾಲ್ಕನೆಯವಳು, ಚೆಲೊ, ಹುಟ್ಟಿದಳು. ನೀನು ಆ ಸಮಿತಿಗೆ ಬರುವುದನ್ನು ಬಿಟ್ಟೆ. ಯಾಕೆಂದು ನಾನು ಕೇಳಲಿಲ್ಲ. ಕೇಳದೆ ಅರ್ಥ ಮಾಡಿಕೊಂಡೆ. ನೀನೂ ಸ್ವಲ್ಪ ಹಾಗೆ ಮಾಡಬಹುದು.

ನಿನ್ನ
ವಿನ್ನಿ


ಆಲ್ಬುಕರ್ಕಿ
ಅಕ್ಟೋಬರ್ 24, 1997

ವಿನ್ನಿ,

ನೀನು ಏನು ಅರ್ಥ ಮಾಡಿಕೊಂಡೆಯೋ ನನಗೆ ಗೊತ್ತು. ಅದು ತಪ್ಪು. ಈಗ ಅದನ್ನು ಬಿಡಿಸಿ ಹೇಳುವ ಮನಸ್ಸಿಲ್ಲ.

ತಲೆಗಳ ವಿಷಯಕ್ಕೆ ಬರೋಣ. ಸಂಘದ ಹೊಸ ಸದಸ್ಯರ ಪಟ್ಟಿ ಸಮಿತಿಯವರಿಗೆಲ್ಲ ಬರುತ್ತದೆ, ನನಗೂ ಬಂತು. ಬೇಸಿಗೆಯಿಂದ ಈಚೆಗೆ ಸೇರಿದವರು ನಮ್ಮ ಹಳೆಯ ಸದಸ್ಯರೆಲ್ಲ ಸೇರಿದರೆ ಎಷ್ಟೋ ಅಷ್ಟೇ ಮಂದಿ ಇದ್ದಾರೆ. ಫ್ಲಾರಿಡಾದವರು, ಮಿಶಿಗನ್‌ನವರು, ಐಡಹೊದವರು. ಐಡಹೊದ ಜನಕ್ಕೆ ನಮ್ಮ ಕೊಕ್ಕರೆಯ ಮೇಲೆ ಇದ್ದಕ್ಕಿದ್ದಂತೆ ಈ ಪರಿ ಪ್ರೀತಿ ಹೇಗೆ ಉಕ್ಕಿತು? ಗಾರ್ಸಾ ಜೌಗು ನಕ್ಷೆಯಲ್ಲಿ ಎಲ್ಲಿದೆಯೆಂದು ಅವರನ್ನು ಕೇಳಿ ನೋಡು. ಅವರು ಜೌಗಿಗಾಗಿ ಸೇರಿಲ್ಲ ಕಣೇ, ಮತ ಹಾಕಲು ಸೇರಿದ್ದಾರೆ. ಅವರಿಗೆ ನಮ್ಮ ಕಥೆ ಹೇಳಿದವರು ಯಾರು? ಅಷ್ಟು ಜನಕ್ಕೆ ಕಾಗದ ಕಳಿಸಲು ಅಂಚೆ ಖರ್ಚು ಕೊಟ್ಟವರು ಯಾರು? ನಿಂಬೆಹಣ್ಣು ಮಾರಿ ಅಷ್ಟು ಹಣ ಹುಟ್ಟುವುದಿಲ್ಲ.

ನೀನು ಬಣ್ಣ ಎಣಿಸುತ್ತಿಲ್ಲ ಎನ್ನುವುದನ್ನು ನಂಬುತ್ತೇನೆ. ಆದರೆ ನಿನ್ನ ಹೆಸರನ್ನು ಹಿಡಿದು ನಿಂತವರೆಲ್ಲ ಏನು ಎಣಿಸುತ್ತಿದ್ದಾರೆಂದು ನಿನಗೆ ಗೊತ್ತಿದೆಯೇ? ಮೂರು ವರ್ಷದ ಹಿಂದೆ ರಾಜ್ಯದಲ್ಲಿ ಆ ಮತದಾನ ನಡೆದಾಗ, ವಲಸೆಯ ಕಾಗದಪತ್ರ ಇಲ್ಲದವರಿಗೆ ಶಾಲೆಯೂ ಬೇಡ ಆಸ್ಪತ್ರೆಯೂ ಬೇಡ ಎಂದಾಗ, ನಮ್ಮ ಹಳೆಯ ಕ್ಲಿನಿಕ್ಕಿಗೆ ಹೆಂಗಸರು ಬರುವುದೇ ನಿಂತುಹೋಯಿತಂತೆ. ಕಾಗದ ಇದ್ದವರೂ ಬರಲಿಲ್ಲ. ಕಿವಿ ಸೋರುವ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಂಡರು. ಬಾಗಿಲಲ್ಲಿ ಯಾರೋ ಎಣಿಸುತ್ತಿದ್ದಾರೆ ಎನ್ನುವ ಭಯ.

ಕೆಂಡ್ರಿಕ್‌ನನ್ನು ಒಂದೇ ಪ್ರಶ್ನೆ ಕೇಳು. ಹಣ ಯಾರದು?

ಎಲ್ವಿರಾ


ಸಾಂತಾ ಅಲ್ಮಾ
ನವೆಂಬರ್ 6, 1997

ಎಲ್ವಿರಾ,

ಕೇಳಿದೆ. "ಸ್ನೇಹಿತರದು" ಎಂದರು. ಜಗತ್ತಿನ ಎಲ್ಲ ಸಂಘಗಳೂ ಸ್ನೇಹಿತರ ಹಣದಲ್ಲೇ ನಡೆಯುತ್ತವೆ.

ಈಗ ನಾನು ಕೇಳುತ್ತೇನೆ. ಭಾನುವಾರದ ಕಣಿವೆ ಪತ್ರಿಕೆಯಲ್ಲಿ ಅರ್ಧ ಪುಟದ ವರದಿ ಬಂದಿದೆ. "ಹೊರಗಿನವರ ಹಿಡಿತಕ್ಕೆ ಜೌಗು ಸಂಘ." ಅದರಲ್ಲಿ, "ಹೆಸರು ಹೇಳಲು ಬಯಸದ ಸ್ಥಾಪಕ ಸದಸ್ಯರೊಬ್ಬರ ಪ್ರಕಾರ" ಎಂದಿದೆ. ಸಂಘ ಸ್ಥಾಪಿಸಿದವರಲ್ಲಿ ಬದುಕಿರುವವರು ಇಬ್ಬರು. ನಾನು ಹೇಳಿಲ್ಲ. ವರದಿಯಲ್ಲಿ ಐಡಹೊದ ಜನ, ಅಂಚೆ ಖರ್ಚು, ಎಲ್ಲ ನಿನ್ನ ಕಾಗದದ ಮಾತುಗಳೇ ಇವೆ. ನಿಂಬೆಹಣ್ಣು ಮಾತ್ರ ಬಿಟ್ಟುಹೋಗಿದೆ.

ಗಡಿಯಾಚೆಯಿಂದ ಬಂದು ಇಲ್ಲಿ ಬ್ರೆಡ್ಡಿನ ಅಂಗಡಿ ಇಟ್ಟ ಸೆನ್ಯೋರಾ ಒಲ್ಗೀನ್ ಇಪ್ಪತ್ತು ವರ್ಷದಿಂದ ನನಗೆ ಬೆಳಗಿನ ಬಿಸಿ ಬನ್ನು ಎತ್ತಿಡುತ್ತಿದ್ದವಳು. ಸೋಮವಾರ ಚೀಲಕ್ಕೆ ಹಾಕಿಕೊಟ್ಟಳು, ಚಿಲ್ಲರೆ ಕೊಟ್ಟಳು, ಮುಖ ಎತ್ತಲಿಲ್ಲ. ಅರವತ್ತೆರಡರ ವಯಸ್ಸಿನಲ್ಲಿ ಊರಿನವರ ಕಣ್ಣಿಗೆ ಕೆಟ್ಟವಳಾಗುವುದು ಹೇಗಿರುತ್ತದೆಂದು ನಿನಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಲುಸಿಂಡಾ ಅಲ್ಲಿ ವಲಸಿಗರ ಪರ ವಾದಿಸುವ ವಕೀಲರ ಕಚೇರಿಯಲ್ಲಿ ಕೆಲಸ ಮಾಡುತ್ತಾಳಂತೆ, ಕೆಂಡ್ರಿಕ್ ಹೇಳಿದರು. ನೀನು ಎಂದೂ ಹೇಳಲಿಲ್ಲ. "ಮಗಳಿಗೆ ಒಂದು ಕೆಲಸ ಸಿಕ್ಕಿದೆ" ಎಂದು ಮಾತ್ರ ಬರೆದಿದ್ದೆ. ನಿನ್ನ ಕಾಗದಗಳನ್ನು ನೀನೇ ಬರೆಯುತ್ತೀಯೋ, ಅವಳು ಹೇಳಿ ಬರೆಸುತ್ತಾಳೋ?

ವಿನಿಫ್ರೆಡ್


ಆಲ್ಬುಕರ್ಕಿ
ನವೆಂಬರ್ 17, 1997

ವಿನಿಫ್ರೆಡ್ ಆಸ್ಗುಡ್ ಅವರಿಗೆ,

ನನ್ನ ಮಗಳು ಎಲ್ಲಿ ಕೆಲಸ ಮಾಡುತ್ತಾಳೆಂದು ಆ ಮನುಷ್ಯ ಹುಡುಕಿ ತೆಗೆದಿದ್ದಾನೆ, ನಿನಗೆ ಅದು ಸಹಜವಾಗಿ ಕಂಡಿದೆ. ಲುಸಿಂಡಾಳಿಗೆ ಹೇಳಿದೆ. ಅವಳು ಅಂದೇ ಮನೆಯ ಬಾಗಿಲ ಬೀಗ ಬದಲಾಯಿಸಿದಳು.

ಇವತ್ತು ನಿಮ್ಮ ಪ್ರಚಾರದ ಎರಡನೆಯ ಕಾಗದ ಬಂತು, ಬಣ್ಣದ್ದು, ನುಣುಪಾದದ್ದು. ಮೇಲೆ ನಮ್ಮಿಬ್ಬರ ಫೋಟೋ. ಮೊದಲ ವರ್ಷ ಕಾಲುಹಲಗೆ ಹಾಕಿದ ದಿನ ನನ್ನ ಗಂಡ ಹಿಲಾರಿಯೊ ತೆಗೆದದ್ದು. ಕೆಳಗೆ "ನಮ್ಮ ಸ್ಥಾಪಕಿಯರು ಕಂಡ ಕನಸು" ಎಂದು ಬರೆದಿದ್ದೀರಿ. ನಿರ್ಣಯಕ್ಕೆ ಹೌದೆನ್ನಿ ಎಂದು ನಾನೂ ಬೇಡುತ್ತಿರುವಂತೆ ಕಾಣುತ್ತದೆ.

ಆ ಫೋಟೋದಲ್ಲಿ ನನ್ನ ಮಕ್ಕಳಿದ್ದರು. ಮೂವರು ಕೆಸರು ಮೆತ್ತಿಕೊಂಡು ನಮ್ಮ ಮುಂದೆ ನಿಂತಿದ್ದರು. ಲುಸಿಂಡಾ ನಿನ್ನ ಟೋಪಿ ಹಾಕಿಕೊಂಡಿದ್ದಳು. ಈ ಕಾಗದದಲ್ಲಿ ಅವರಿಲ್ಲ. ನಮ್ಮ ಸೊಂಟದಿಂದ ಮೇಲಕ್ಕಷ್ಟೇ ಉಳಿಸಿ ಕತ್ತರಿಸಿದ್ದೀರಿ. ನಿನ್ನ ಕೈಯೊಂದು ಅಂಚಿನಲ್ಲಿ ನಿಂತುಬಿಟ್ಟಿದೆ. ಅದು ಯಾರ ಭುಜದ ಮೇಲಿತ್ತೆಂದು ನಿನಗೆ ನೆನಪಿರಬೇಕು.

ಹಿಲಾರಿಯೊ ಬದುಕಿದ್ದರೆ ಇದನ್ನು ನೋಡಿ ಏನನ್ನುತ್ತಿದ್ದನೋ. ನಾನು ಮಾತ್ರ ಇಷ್ಟು ಹೇಳುತ್ತೇನೆ. ಆ ಫೋಟೋ ನಿನ್ನ ಮನೆಯ ಗೋಡೆಯ ಮೇಲಿತ್ತು, ಬೇರೆ ಎಲ್ಲೂ ಇರಲಿಲ್ಲ.

ಎಲ್ವಿರಾ ಬುರ್ಸಿಯಾಗಾ


ಆಲ್ಬುಕರ್ಕಿ
ಡಿಸೆಂಬರ್ 20, 1997

ವಿನ್ನಿ,

ಒಂದು ತಿಂಗಳಾಯಿತು, ಉತ್ತರವಿಲ್ಲ. ಆ ಕಾಗದವನ್ನು ನಾನು ಸಂಘದ ಕಚೇರಿಯ ವಿಳಾಸಕ್ಕೆ ಹಾಕಿದ್ದೆ. ಕಚೇರಿಯ ಅಂಚೆಯನ್ನು ಯಾರು ಒಡೆಯುತ್ತಾರೆಂದು ಆಮೇಲೆ ಹೊಳೆಯಿತು. ಹಾಗಾಗಿ ಅದರ ನಕಲನ್ನು ಇದರ ಜೊತೆ ಮನೆಗೆ ಕಳಿಸುತ್ತಿದ್ದೇನೆ. ನಿನಗೆ ಸಿಕ್ಕಿ ನೀನು ಸುಮ್ಮನಿದ್ದೀಯೋ, ಸಿಗದೆ ಸುಮ್ಮನಿದ್ದೀಯೋ, ಅದಾದರೂ ತಿಳಿಯಲಿ.

ಇಲ್ಲಿ ಹಬ್ಬದ ತಮಾಲೆ ಕಡುಬು ಮಾಡಲು ಎಲ್ಲರೂ ಕೂಡಿದ್ದಾರೆ. ಸುತ್ತಲು ಮುಸುಕಿನ ಜೋಳದ ಸಿಪ್ಪೆ ನೆನೆಹಾಕಿದೆ. ಚೆಲೊ ಬಂದಿದ್ದಾಳೆ, ಕೇಳಿದಳು, "ವಿನ್ನಿ ಆಂಟಿಗೆ ಈ ಸಲ ಕಳ್ಸಲ್ವಾಮ್ಮಾ?" ನಾನು ಹಿಟ್ಟು ನಾದುತ್ತಾ, ಅಂಚೆಯವರು ಈಗೀಗ ತುಂಬಾ ತಡ ಮಾಡ್ತಾರೆ ಎಂದೆ. ಅವಳು ನನ್ನನ್ನೇ ನೋಡಿ, ಸಿಪ್ಪೆಯ ಬೋಗುಣಿಯನ್ನು ತನ್ನ ಕಡೆ ಎಳೆದುಕೊಂಡಳು.

ಎಲ್ವಿರಾ


ಸಾಂತಾ ಅಲ್ಮಾ
ಜನವರಿ 19, 1998

ಎಲ್ವಿರಾ,

ನಿನ್ನ ನವೆಂಬರಿನ ಕಾಗದ ಕಚೇರಿಯಲ್ಲಿ ನನಗೆ ಸಿಗಲಿಲ್ಲ. ಮನೆಗೆ ಬಂದ ನಕಲನ್ನು ಕ್ರಿಸ್‌ಮಸ್ಸಿನ ಮುನ್ನಾದಿನ ಓದಿದೆ. ಉತ್ತರ ಬರೆಯಲು ಕೂತು ಕೂತು ಎದ್ದೆ. ಈಗ ಬರೆಯಬಹುದು ಅನ್ನಿಸುತ್ತಿದೆ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಫೋಟೋ ಕೊಟ್ಟವಳು ನಾನೇ. "ಹಳೆ ಫೋಟೋ ಒಂದಿದ್ರೆ ಕೊಡಿ, ಜನಕ್ಕೆ ಸಂಘದ ಇತಿಹಾಸ ಗೊತ್ತಾಗ್ಲಿ" ಎಂದು ಕೆಂಡ್ರಿಕ್ ಕೇಳಿದರು. ಗೋಡೆಯಿಂದ ತೆಗೆದುಕೊಟ್ಟೆ. ನಿನ್ನನ್ನು ಕೇಳಬೇಕಿತ್ತು. ನೀನು ಬೇಡವೆನ್ನುತ್ತೀಯೆಂದು ಗೊತ್ತಿದ್ದೇ ಕೇಳಲಿಲ್ಲ. ಕತ್ತರಿಸಿದ್ದು ನನಗೆ ತಿಳಿದಿರಲಿಲ್ಲ. ಅಚ್ಚಾದ ಮೇಲೆ ನೋಡಿದೆ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ಅವರು ತಲೆ ಎತ್ತದೆಯೇ, "ಜಾಗ ಸಾಕಾಗ್ಲಿಲ್ಲ" ಎಂದರು. ನಾನು ಆ ಉತ್ತರವನ್ನು ಒಪ್ಪಿಕೊಂಡು ಮನೆಗೆ ಹೋದೆ. ನನ್ನ ಬಗ್ಗೆ ನಿನಗಿದ್ದ ಅನುಮಾನದಲ್ಲಿ ಇದನ್ನೂ ಸೇರಿಸಿಕೊ.

ಕಳೆದ ಶನಿವಾರ ಅವರು ನನ್ನನ್ನು ಕಾರಿನಲ್ಲಿ ಸ್ಯಾಕ್ರಮೆಂಟೊಗೆ ಕರೆದುಕೊಂಡು ಹೋದರು. ಒಂದು ಹೋಟೆಲಿನ ದೊಡ್ಡ ಕೋಣೆ, ಮಧ್ಯಾಹ್ನದ ಊಟ, ಭಾಷಣ. ನಮ್ಮ ಸಂಘದಂಥವೇ ಬೇರೆ ಬೇರೆ ಊರಿನ ಸಂಘಗಳ ಕೂಟ ಎಂದಿದ್ದರು. ನಾನು ಜೌಗಿನ ನಕ್ಷೆಯನ್ನು ಸುತ್ತಿಕೊಂಡು ಹೋಗಿದ್ದೆ. ಅದನ್ನು ಬಿಚ್ಚುವ ಸಂದರ್ಭವೇ ಬರಲಿಲ್ಲ. ಮೊದಲು ಮಾತಾಡಿದವರು ನೀರಿನ ಬಗ್ಗೆ ನಾಲ್ಕು ಮಾತು ಆಡಿದರು, ಅದು ಸರಿಯಾಗಿಯೇ ಇತ್ತು. ಎರಡನೆಯವರು ಗಡಿಯ ಬಗ್ಗೆ. ಮೂರನೆಯವನು ಜಿಲ್ಲಾ ಆಸ್ಪತ್ರೆಯ ಹೆರಿಗೆ ವಾರ್ಡಿನ ಬಗ್ಗೆ ಒಂದು ತಮಾಷೆ ಹೇಳಿದ. ಇಲ್ಲಿ ಬರೆಯುವುದಿಲ್ಲ. ಕೋಣೆಯ ಎಲ್ಲರೂ ನಕ್ಕರು. ನಾನು ಕೆಂಡ್ರಿಕ್ ಮುಖ ನೋಡಿದೆ. ಅವರು ನಗಲಿಲ್ಲ, ಕೋಳಿಯನ್ನು ಸಣ್ಣಗೆ ಕತ್ತರಿಸುತ್ತಿದ್ದರು.

ಆಮೇಲೆ ನನ್ನ ಸರದಿ. ಹಳೆಯ ತಲೆಮಾರಿನವರು, ಎರಡು ಮಾತಾಡಲಿ ಎಂದರು. ಎದ್ದುಹೋಗಬಹುದಿತ್ತು. ಹೋಗಲಿಲ್ಲ. ನಾನು ಯಾರಿಗೂ ಪೂರ್ತಿ ಹೇಳದಿದ್ದ ಮಾತನ್ನು ಅಷ್ಟು ಅಪರಿಚಿತರ ಮುಂದೆ ಹೇಳಿದೆ. ಅರವತ್ತೊಂಬತ್ತರಲ್ಲಿ ನಾನೂ ಕಾರ್ಲನೂ ಅಡಿಗೆಮನೆಯ ಮೇಜಿನ ಎದುರು ಕೂತು ಮಕ್ಕಳು ಬೇಡವೆಂದು ನಿರ್ಧರಿಸಿದ್ದು. ಭೂಮಿಗೆ ಭಾರ ಹೆಚ್ಚಾಗಿದೆ, ನಮ್ಮಿಂದ ಶುರುವಾಗಲಿ ಎಂದು. ನಿನಗೂ ಇಷ್ಟೇ ಗೊತ್ತಿರುವುದು. ನಿನಗೆ ಗೊತ್ತಿಲ್ಲದ್ದನ್ನೂ ಹೇಳಿದೆ. ಎರಡು ವರ್ಷದ ನಂತರ ನಾನು ಮನಸ್ಸು ಬದಲಾಯಿಸಿದೆ, ಕಾರ್ಲ್ ಬದಲಾಯಿಸಲಿಲ್ಲ. ಕೊಟ್ಟ ಮಾತಿಗೆ ನಿಲ್ಲಬೇಕೆಂದ. ನಿಂತೆ. ನಿನ್ನ ಮಕ್ಕಳಿಗೆ ಹಕ್ಕಿಗಳ ಹೆಸರು ಹೇಳಿಕೊಟ್ಟುಕೊಂಡು ನಿಂತೆ. ಆಮೇಲೆ ಈ ಊರು ಬೆಳೆದದ್ದನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುತ್ತಿತ್ತು, ಹಾಗಾದರೆ ನಾನು ಬಿಟ್ಟುಕೊಟ್ಟದ್ದು ಯಾತಕ್ಕೆ? ಆ ನಿರ್ಣಯಕ್ಕೆ ನಾನು ಸಹಿ ಹಾಕಿದ್ದರ ಹಿಂದೆ ಉಪ್ಪಾದ ಬಾವಿಯೂ ಇತ್ತು, ಇದೂ ಇತ್ತು. ಯಾವುದು ಎಷ್ಟೆಂದು ನನಗೇ ಗೊತ್ತಿಲ್ಲ.

ಚಪ್ಪಾಳೆ ಬಿತ್ತು. ಊಟ ಮುಗಿದ ಮೇಲೆ ನೀಲಿ ಸೂಟು ಹಾಕಿದ ಹೆಂಗಸೊಬ್ಬಳು ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ನನ್ನ ವಯಸ್ಸಿನವಳೇ. ಕಣ್ಣಲ್ಲಿ ನೀರಿತ್ತು.

"ಎಂಥ ಅನ್ಯಾಯ ನೋಡಿ," ಎಂದಳು. "ನಿಮ್ಮಂಥವರು ನಾಲ್ಕೈದು ಹೆರಬೇಕಿತ್ತು. ಹೆರಬಾರದವರು ಹೆತ್ತು ಹಾಕ್ತಿದ್ದಾರೆ."

ನನ್ನ ಕಿವಿಯ ಯಂತ್ರ ಅಂದು ಚೆನ್ನಾಗಿ ಕೇಳುತ್ತಿತ್ತು. ಆದರೂ ತಪ್ಪಾಗಿ ಕೇಳಿತೇನೋ ಎಂದುಕೊಂಡೆ.

"ನಾನು ಹೆತ್ತಿದ್ರೂ ತಲೆ ಜಾಸ್ತಿ ಆಗ್ತಿತ್ತಲ್ಲ?" ಎಂದೆ.

ಅವಳು ನನ್ನ ಕೈ ತಟ್ಟಿದಳು, ಚಿಕ್ಕ ಮಗುವಿಗೆ ತಟ್ಟುವ ಹಾಗೆ. "ಅದು ಬೇರೆ ಥರದ ತಲೆ ಅಲ್ವೇನಮ್ಮಾ."

ವಾಪಸು ಬರುವಾಗ ಕಾರಿನಲ್ಲಿ, ಬಾದಾಮಿ ತೋಟಗಳು ದಾಟಿದ ಮೇಲೆ ನಾನು ಅವಳು ಯಾರೆಂದು ಕೇಳಿದೆ.

"ಆಕೆಯ ಮಾತು ಮನಸ್ಸಿಗೆ ಹಚ್ಕೋಬೇಡಿ," ಎಂದರು ಕೆಂಡ್ರಿಕ್. "ನನಗೂ ಹಿಡಿಸೋಲ್ಲ. ಆದ್ರೆ ಅಂಚೆ ಖರ್ಚು ಕೊಡೋದು ಆಕೆಯೇ."

ನೀನು ಕೇಳಿದ್ದ ಪ್ರಶ್ನೆಗೆ ಉತ್ತರ ಇದು. ತಡವಾಯಿತು.

ಮಾರನೆಯ ದಿನ ನಿರ್ಣಯದಿಂದ ನನ್ನ ಹೆಸರು ತೆಗೆಯಿರಿ ಎಂದು ಅವರಿಗೇ ಬರೆದುಕೊಟ್ಟೆ. ಮತಪತ್ರ ಅಚ್ಚಾಗಿ ಹೋಗಿದೆ, ನಿಯಮದ ಪ್ರಕಾರ ಈಗ ಆಗದು ಎಂದರು. ನಾನು ಹಾಗೆ ಕೇಳಿದ್ದೆನೆಂದು ಸದಸ್ಯರಿಗೆ ತಿಳಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ಪಟ್ಟಿ ಅವರ ಬಳಿ ಇದೆ.

ಎಲ್ವಿರಾ, ನಾನು ಬದಲಾಗಿಬಿಟ್ಟೆ ಎಂದುಕೊಳ್ಳಬೇಡ. ಈ ಕರಾವಳಿ ಇಷ್ಟು ಜನರ ಭಾರ ತಡೆಯುವುದಿಲ್ಲ ಎಂದು ಇವತ್ತೂ ಹೇಳುತ್ತೇನೆ. ಆದರೆ ಆ ಕೋಣೆಯಲ್ಲಿದ್ದವರು ಇದೇ ಮಾತು ಆಡಿದರೆ ನಾನು ಅವರನ್ನು ನಂಬುವುದಿಲ್ಲ. ಆ ಹೆಂಗಸಿನ ಕೈ ಬೆಚ್ಚಗಿತ್ತು. ಅದನ್ನು ನೆನೆದರೆ ಈಗಲೂ ಕೈ ತೊಳೆಯಬೇಕೆನ್ನಿಸುತ್ತದೆ.

ನಿನ್ನ
ವಿನ್ನಿ


ಆಲ್ಬುಕರ್ಕಿ
ಫೆಬ್ರವರಿ 1, 1998

ಪ್ರೀತಿಯ ವಿನ್ನಿ,

ನಿನ್ನ ಕಾಗದ ಓದುವಾಗ ಮೊದಲು ನನಗೆ ಬಂದ ಯೋಚನೆ ಹೇಳಿಬಿಡುತ್ತೇನೆ. ಇದೂ ಕೆಂಡ್ರಿಕ್ ಬರೆಸಿದ್ದೇನೋ, ನನ್ನ ಬಾಯಿ ಮುಚ್ಚಿಸಲು. ಕಾರ್ಲನ ಮಾತಿಗೆ ಬಂದಾಗ ಆ ಅನುಮಾನ ಹೋಯಿತು. ಅದನ್ನು ಯಾರೂ ಬರೆಸಲು ಆಗುವುದಿಲ್ಲ. ಇಷ್ಟು ವರ್ಷ ನಾನು ನಿನ್ನ ಮನೆಗೆ ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಓಡುತ್ತಿದ್ದೆ. ನಿನಗೆ ಮಕ್ಕಳೆಂದರೆ ಅಷ್ಟಕ್ಕಷ್ಟೇ, ಪಾಪ ನನಗೋಸ್ಕರ ಸಹಿಸಿಕೊಳ್ಳುತ್ತೀಯ ಎಂದುಕೊಂಡಿದ್ದೆ. ನಿನ್ನ ಮುಖ ನೋಡುವ ಪುರಸೊತ್ತು ನನಗಿರಲಿಲ್ಲ.

ಪತ್ರಿಕೆಯವನಿಗೆ ಹೇಳಿದ್ದು ನಾನೇ. ನಿನ್ನ ಕಾಗದಕ್ಕೆ ಉತ್ತರಿಸುವಾಗ ಆ ಪ್ರಶ್ನೆಯನ್ನು ಹಾರಿಸಿದೆ, ನೀನು ಗಮನಿಸಿರುತ್ತೀಯ. ನಿನ್ನ ಹೆಸರು ಕೆಡಲಿ ಎಂದು ಹೇಳಲಿಲ್ಲ, ನಿನ್ನನ್ನು ನಂಬದೆ ಹೇಳಿದೆ. ಲುಸಿಂಡಾ ಬೇಡವೆಂದಿದ್ದಳು. "ಅಮ್ಮಾ, ಮೊದ್ಲು ಅವ್ರನ್ನೇ ನೇರ ಕೇಳು" ಎಂದಿದ್ದಳು. ನೀನು ಅನುಮಾನಪಟ್ಟದ್ದಕ್ಕೆ ತದ್ವಿರುದ್ಧ.

ಇನ್ನು ಚೆಲೊ ಹುಟ್ಟಿದ ಮೇಲೆ ನಾನು ಸಮಿತಿ ಬಿಟ್ಟ ವಿಷಯ. ನಾಲ್ಕನೆಯ ಬಸುರಿಗೆ ನಾಚಿ ಬಿಟ್ಟೆನೆಂದು ನೀನು ತಿಳಿದಿದ್ದೀಯ. ನನ್ನ ದೊಡ್ಡಪ್ಪನ ಮಗಳು ಬೆನಿತಾ ಆ ವರ್ಷವೇ ದಕ್ಷಿಣದ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಹೆತ್ತಳು. ಅದು ಅವಳ ಎರಡನೆಯ ಹೆರಿಗೆ, ಆಪರೇಷನ್ ಮಾಡಬೇಕೆಂದರು. ನೋವು ತಿನ್ನುತ್ತಾ ಮಲಗಿದ್ದವಳ ಕೈಗೆ ಇಂಗ್ಲಿಷಿನ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡರು. ಮಗು ಉಳಿಯಲಿಲ್ಲ. ಮುಂದೆ ಮಕ್ಕಳೇ ಆಗದ ಹಾಗೆ ಮಾಡಿದ್ದಾರೆಂದು ಅವಳಿಗೆ ತಿಳಿದದ್ದು ನಮ್ಮ ಕ್ಲಿನಿಕ್ಕಿಗೆ ಬಂದಾಗ. ತಿಳಿಸಿದವಳು ನಾನು. ಅವಳು ಬಂದದ್ದು ಗುಳಿಗೆ ಕೇಳಲು. ಸ್ವಲ್ಪ ದಿನ ಅಂತರ ಇರಲಿ, ಆಮೇಲೆ ಇನ್ನೊಂದು ಮಾಡ್ಕೋತೀನಿ ಎಂದಳು. ನಾನು ಅವಳ ಗಾಯದ ಗುರುತು ನೋಡಿದೆ, ಆಸ್ಪತ್ರೆಗೆ ಫೋನ್ ಮಾಡಿದೆ, ಆಮೇಲೆ ಬಂದು ಅವಳ ಎದುರು ಕೂತೆ.

ಅದಾದ ವಾರವೇ ನಮ್ಮ ಜನಸಂಖ್ಯಾ ಸಮಿತಿಯ ಸಭೆ. ನೀನು ಬೋರ್ಡಿನ ಮೇಲೆ ಜನನ ಸಂಖ್ಯೆಯ ಚೆಂದವಾದ ರೇಖೆ ಎಳೆದು ವಿವರಿಸುತ್ತಿದ್ದೆ. ಆ ರೇಖೆ ಕೆಳಗಿಳಿದರೆ ಎಲ್ಲರಿಗೂ ಸಂತೋಷ. ನನಗೆ ಅಲ್ಲಿ ಕೂರಲು ಆಗಲಿಲ್ಲ. ನಿನಗೆ ಹೇಳಿದ್ದರೆ ನೀನು ಆಸ್ಪತ್ರೆಯ ಮೇಲೆ ಹೋಗಿ ಬೀಳುತ್ತಿದ್ದೆ ಎಂದು ಈಗ ಗೊತ್ತು. ಆಗ ನಿನ್ನ ಮೇಲೂ ಅನುಮಾನವಿತ್ತು. ಅಂದಿನಿಂದ ಯಾರಾದರೂ "ಜನ ಹೆಚ್ಚಾದರು" ಎಂದ ಕೂಡಲೇ ಯಾವ ಜನ ಎಂದು ಕೇಳುವ ಚಟ ನನಗೆ ಹತ್ತಿತು. ಹೆಂಗಸರಿಗೆ ಗುಳಿಗೆ ಕೊಡುವುದನ್ನು ಮಾತ್ರ ಬಿಡಲಿಲ್ಲ. ಅದನ್ನು ಅವರೇ ಕೇಳಿ ತೆಗೆದುಕೊಳ್ಳುತ್ತಿದ್ದರು.

ಮತಪತ್ರದಲ್ಲಿ "ಇಲ್ಲ" ಎಂದು ಗುರುತು ಹಾಕಿ ಕಳಿಸಿದ್ದೇನೆ. ರಿಜಿಸ್ಟರ್ ಅಂಚೆಯಲ್ಲಿ. ಮತದ ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ನೀನು ನೋಡಿಕೊ.

ನಿನ್ನ
ಎಲ್ವಿರಾ


ಸಾಂತಾ ಅಲ್ಮಾ
ಮಾರ್ಚ್ 22, 1998

ಪ್ರೀತಿಯ ಎಲ್ವಿರಾ,

ಬೆನಿತಾಳ ವಿಷಯ ಓದಿದ ದಿನ ನಾನು ಜೌಗಿನ ಸುತ್ತ ನಡೆದು ಬಂದೆ. ಏನು ಬರೆದರೂ ಕಡಿಮೆಯಾಗುತ್ತದೆ, ಬರೆಯುವುದಿಲ್ಲ. ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಈಗ ಸುದ್ದಿ. ಮತ ಎಣಿಸುವಾಗ ನಾನು ಪೆಟ್ಟಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ನಿರ್ಣಯ ಕೂದಲೆಳೆಯ ಅಂತರದಲ್ಲಿ ಸೋತಿತು. ಹಳೆಯ ಸದಸ್ಯರು, ಎಂದೂ ಮತ ಹಾಕದವರು, ಕೋಪದಿಂದ ಹಾಕಿದ್ದರು. ನಾನು ನನ್ನ ಹೆಸರಿದ್ದ ನಿರ್ಣಯಕ್ಕೇ "ಇಲ್ಲ" ಎಂದು ಹಾಕಿದೆ. ಗೆದ್ದೆವು ಎಂದು ಹೇಳಬಹುದು. ಮಾರನೆಯ ವಾರದಿಂದ ರಾಜೀನಾಮೆಗಳು ಬರತೊಡಗಿದವು. ಒಂದು ಕಡೆಯವರು ನಿರ್ಣಯ ಸೋತದ್ದಕ್ಕೆ ಹೋದರು, ಇನ್ನೊಂದು ಕಡೆಯವರು ಇಂಥ ನಿರ್ಣಯ ಬಂದದ್ದಕ್ಕೇ ಹೋದರು. ನನ್ನನ್ನು ಇಬ್ಬರೂ ನಂಬುವುದಿಲ್ಲ. ಕೆಂಡ್ರಿಕ್ ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು ಹೋದರು. ಸದಸ್ಯರ ಪಟ್ಟಿಯ ನಕಲು ಅವರ ಬಳಿ ಇರುತ್ತದೆ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ಇದಕ್ಕಿಂತ ಕೆಟ್ಟದ್ದಿದೆ. ಫೆಬ್ರವರಿಯಲ್ಲಿ, ನಾವು ಮತಗಳ ಬಗ್ಗೆ ಕಿತ್ತಾಡುತ್ತಿದ್ದಾಗ, ಜೌಗಿನ ಮೇಲ್ಭಾಗದ ಜಾಗದ ಬಗ್ಗೆ ಜಿಲ್ಲಾ ಕಚೇರಿಯಲ್ಲಿ ಅಹವಾಲು ಸಭೆ ನಡೆದಿದೆ. ನೀರುಕೋಳಿಗಳು ಗೂಡು ಕಟ್ಟುವ ಅದೇ ಜಾಗ. ಅಲ್ಲಿ ದೋಣಿ ನಿಲ್ಲಿಸುವ ಅಟ್ಟಣೆ ಇರುವ ದೊಡ್ಡ ಮನೆಗಳು ಬರುತ್ತವಂತೆ. ವಾರದ ಕೊನೆಗೆ ಬಂದು ಹೋಗುವವರಿಗೆ. ಉಳಿದ ದಿನ ಖಾಲಿ ಇರುತ್ತವೆ. ಆಕ್ಷೇಪ ಹೇಳಲು ಯಾರಾದರೂ ಇದ್ದಾರೆಯೇ ಎಂದು ಮೂರು ಸಲ ಕೂಗಿದರಂತೆ. ನಮ್ಮ ಸಂಘದಿಂದ ಒಬ್ಬರೂ ಹೋಗಿರಲಿಲ್ಲ. ಸಭೆ ಶುರುವಾದಷ್ಟೇ ಬೇಗ ಮುಗಿದು ಒಪ್ಪಿಗೆ ಸಿಕ್ಕಿದೆ. ಇಪ್ಪತ್ತೈದು ವರ್ಷದಲ್ಲಿ ಒಂದೇ ಒಂದು ಸಭೆಯನ್ನೂ ನಾವು ತಪ್ಪಿಸಿರಲಿಲ್ಲ.

ಅದರ ನೋಟಿಸು ಸಂಘದ ಕಚೇರಿಗೆ ಬಂದಿತ್ತು. ಕೆಂಡ್ರಿಕ್‌ರ ಮನೆಗೆ ಹೋಗಿ ಕೇಳಿದೆ. "ನಿಮ್ಮ ಮೇಜಿನ ಮೇಲೇ ಇಟ್ಟಿದ್ದೆ" ಎಂದರು. ದನಿಯಲ್ಲಿ ನೋವಿತ್ತು, ನಿಜವಾದದ್ದೇ ಅನ್ನಿಸಿತು. ಇಟ್ಟಿರಬಹುದು. ಆ ದಿನಗಳಲ್ಲಿ ನನ್ನ ಮೇಜಿನ ಮೇಲೆ ಬೈಗುಳದ ಕಾಗದಗಳ ರಾಶಿ ಇತ್ತು, ಎಷ್ಟನ್ನೋ ನಾನು ಒಡೆಯದೆ ಒಲೆಗೆ ಹಾಕಿದೆ. ಅವರು ಬಚ್ಚಿಟ್ಟರೋ, ನಾನೇ ಸುಟ್ಟೆನೋ, ಇನ್ನು ಯಾರಿಗೂ ತಿಳಿಯುವುದಿಲ್ಲ. ನಿನ್ನೆ ಹೋಗಿ ನೋಡಿದೆ. ಗುರುತಿನ ಗೂಟ ಹೊಡೆದು ಕೆಂಪು ಪಟ್ಟಿ ಕಟ್ಟಿದ್ದಾರೆ. ಅಳತೆ ಹಿಡಿಯುತ್ತಿದ್ದವನು, "ಅಮ್ಮಾ, ಈ ಕಡೆ ಬರಬಾರ್ದು, ಖಾಸಗಿ ಜಾಗ" ಎಂದ. ಒಳ್ಳೆಯ ಹುಡುಗ. ಬೂಟಿನ ಕೆಳಗೆ ಏನು ಬೆಳೆದಿದೆ ಎಂದು ಅವನಿಗೆ ಗೊತ್ತಿಲ್ಲ.

ಒಂದು ದಾರಿ ಉಳಿದಿದೆ. ರಾಜ್ಯದ ಕರಾವಳಿ ಮಂಡಳಿಗೆ ಮೇಲ್ಮನವಿ. ಈಗ ಹಾಕಿದರೆ ಮೇ ತಿಂಗಳಲ್ಲಿ ವಿಚಾರಣೆ. ಸ್ಥಾಪಕರ ಹೆಸರಿನಲ್ಲಿ ಮನವಿ ಬರೆದಿಟ್ಟಿದ್ದೇನೆ. ಈ ಸಲ ನಿನ್ನ ಹೆಸರು ಹಾಕುವ ಮೊದಲು ಕೇಳುತ್ತಿದ್ದೇನೆ. ನೀನು ಬೇಡವೆಂದರೆ ನನ್ನ ಹೆಸರೊಂದೇ ಇರುತ್ತದೆ. ಆದರೆ ನನ್ನ ಹೆಸರಿಗೆ ಈಗ ಈ ಕಣಿವೆಯಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ.

ನಿನ್ನ
ವಿನ್ನಿ


ಆಲ್ಬುಕರ್ಕಿ
ಮಾರ್ಚ್ 29, 1998

ಪ್ರೀತಿಯ ವಿನ್ನಿ,

ನನ್ನ ಹೆಸರು ಹಾಕು. ಸೆನ್ಯೋರಾ ಒಲ್ಗೀನ್‌ಗೆ ನಾನೇ ಫೋನ್ ಮಾಡಿದೆ. ಮೊದಲು ಐದು ನಿಮಿಷ ನಿನ್ನನ್ನು ಬೈದಳು, ಕೇಳಿಸಿಕೊಂಡೆ. ಆಮೇಲೆ ವಿಚಾರಣೆಗೆ ಹೋಗುವ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಕೇಳಿದಳು. ಅವಳ ಚರ್ಚಿನ ಹೆಂಗಸರನ್ನೂ ಕರೆತರುತ್ತಾಳಂತೆ. ಅವರ ಮಕ್ಕಳು ಆ ಕಾಲುಹಲಗೆಯ ಮೇಲೆ ಓಡಿ ಬೆಳೆದವರು. ಜೌಗು ಅವರದ್ದೂ ಹೌದು, ನೀವೂ ಬನ್ನಿ ಎಂದು ನಾವು ಇಷ್ಟು ವರ್ಷ ಅವರನ್ನು ಕರೆದೇ ಇರಲಿಲ್ಲ ಎನ್ನುವುದನ್ನು ಅವಳು ನನಗೆ ಎರಡು ಸಲ ಹೇಳಿದಳು.

ನಾನು ಮೇ ಮೊದಲ ವಾರ ಬರುತ್ತೇನೆ. ಚೆಲೊ ಕಾರು ಓಡಿಸುತ್ತಾಳೆ. ನಿನ್ನ ಮನೆಯಲ್ಲೇ ಇಳಿಯುತ್ತೇವೆ, ಹಾಸಿಗೆ ಬಿಸಿಲಿಗೆ ಹಾಕು.

ಒಂದು ಷರತ್ತು, ಕೋಪ ಮಾಡಿಕೊಳ್ಳಬೇಡ. ಮಂಡಳಿಯ ಮುಂದೆ ನೀನು ಓದುವ ಕಾಗದವನ್ನು ನಾನು ಮೊದಲು ಓದುತ್ತೇನೆ, ಒಂದು ಸಾಲೂ ಬಿಡದೆ. ನಾನು ಓದುವುದನ್ನು ನೀನೂ ಓದು. ಕೆಂಪು ಪೆನ್ನು ಇಬ್ಬರ ಕೈಯಲ್ಲೂ ಇರಲಿ.

ನಿನ್ನ
ಎಲ್ವಿರಾ